ಏಣಿ ಹತ್ತುವ ಮೊದಲಿನ ಹತ್ತು ನಿಮಿಷ

"ಐದು ನಿಮಿಷದ ಕೆಲಸ ಬಿಡ್ರಿ, ಹಂಗೇ ಏರಿ ಹಾಕಿ ಬರ್ತೀನಿ."

ಗಂಗಾವತಿ, ಕಾರಟಗಿಯ ರೈಸ್ ಮಿಲ್ ಇರಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ ಇರಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಇರಲಿ, ಈ ಮಾತು ಕೇಳದ ದಿನ ಕಡಿಮೆ. ಟ್ಯೂಬ್‌ಲೈಟ್ ಹೋಗಿರುತ್ತದೆ. ಬೆಲ್ಟ್ ಜಾರುತ್ತಿರುತ್ತದೆ. ಮಳೆಗೆ ಶೀಟ್ ಸೋರುತ್ತಿರುತ್ತದೆ. ನಿಟ್ಟಿನಿಂದ, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲಗಳ ರಾಶಿಯಿಂದ, ಹತ್ತು ಚೀಲ ಇಳಿಸಬೇಕಿರುತ್ತದೆ. ಒಂದೂ ದೊಡ್ಡ ಕೆಲಸವಲ್ಲ. ಹಾಗಾಗಿಯೇ ಯಾರೂ ಒಂದು ಕ್ಷಣ ನಿಂತು ಯೋಚಿಸುವುದಿಲ್ಲ. ಕೈಕಾಲು ಮುರಿದುಕೊಳ್ಳುವುದು, ಶಾಕ್ ಹೊಡೆಸಿಕೊಳ್ಳುವುದು ಬಹಳ ಸಲ ಇಂಥ ಕೆಲಸಗಳಲ್ಲೇ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲೋ ಕೆಲಸ ಮಾಡಿ ಬಂದವರು ನಿಮ್ಮ ಊರಲ್ಲೂ ಇರುತ್ತಾರೆ. ಅವರನ್ನು ಕೇಳಿ ನೋಡಿ. ದೊಡ್ಡ ಕಾರ್ಖಾನೆಗಳಲ್ಲಿ ಎತ್ತರಕ್ಕೆ ಹತ್ತಬೇಕಾದರೂ, ಕರೆಂಟಿನ ಕೆಲಸಕ್ಕೆ ಕೈ ಹಾಕಬೇಕಾದರೂ ಮೊದಲು 'ಪರ್ಮಿಟ್' ಅನ್ನೋ ಕಾಗದ ಆಗಬೇಕು. ಏನು ಕೆಲಸ, ಎಲ್ಲಿ, ಯಾರು ಮಾಡುತ್ತಾರೆ, ಕರೆಂಟ್ ತೆಗೆದಿದ್ದು ಯಾರು, ಎಲ್ಲ ಅದರಲ್ಲಿ ಬರೆದು ಸಹಿ ಹಾಕಬೇಕು. ನೋಡಿಕೊಳ್ಳಲು ಸುರಕ್ಷತಾ ಅಧಿಕಾರಿಯೂ ಇರುತ್ತಾರೆ. ಕಾನೂನು ಅಂಥ ಅಧಿಕಾರಿ ಇರಬೇಕು ಅನ್ನುವುದು ಮುಖ್ಯವಾಗಿ ನೂರಾರು ಜನ ದುಡಿಯುವ ದೊಡ್ಡ ಕಾರ್ಖಾನೆಗಳಿಗೆ. ಹದಿನೈದು ಜನರ ಹೊಲಿಗೆ ಘಟಕದಲ್ಲಿ ಅವರು ಎಲ್ಲಿಂದ ಬರಬೇಕು? ಅಲ್ಲಿ ಏಣಿ ಹತ್ತುವವರೇ ಆ ಕೆಲಸವನ್ನೂ ಮಾಡಿಕೊಳ್ಳಬೇಕು. ಕಷ್ಟದ್ದೇನಲ್ಲ. ಒಂದು ಅರ್ಧ ಹಾಳೆ, ಒಂದು ಪೆನ್ನು, ಹತ್ತು ನಿಮಿಷ ಇದ್ದರೆ ಆಯಿತು.

ಅರ್ಧ ಹಾಳೆಯ ಪ್ಲಾನ್

ಮೊದಲು ಕೆಲಸದ ಜಾಗಕ್ಕೆ ಬರಿಗೈಯಲ್ಲಿ ಹೋಗಿ ನಿಲ್ಲಿ. ಸಾಮಾನು ಹಿಡಿದುಕೊಂಡು ಹೋದರೆ ಕೈ ಸುಮ್ನೆ ಇರುವುದಿಲ್ಲ, ಕೆಲಸ ಶುರು ಮಾಡಿಬಿಡುತ್ತದೆ. ತಲೆ ಎತ್ತಿ ಮೇಲೆ ನೋಡಿ: ವೈರ್ ಹಾದುಹೋಗಿದೆಯಾ, ಫ್ಯಾನ್ ತಿರುಗುತ್ತಿದೆಯಾ? ಕೆಳಗೆ ನೋಡಿ: ನೆಲದ ಮೇಲೆ ಎಣ್ಣೆ, ನೀರು, ತೌಡು, ಹೊಟ್ಟು ಇದೆಯಾ? ಸುತ್ತ ನೋಡಿ: ಯಾರು ಓಡಾಡುತ್ತಾರೆ, ಯಾವ ಬಾಗಿಲು ಈ ಕಡೆ ತೆರೆಯುತ್ತದೆ? ಆಮೇಲೆ ಹಾಳೆಯ ಮೇಲೆ ಬರೆಯಿರಿ. ಒಂದು ಉದಾಹರಣೆ ನೋಡಿ.

"ಕೆಲಸ: ಮೂರನೇ ಸಾಲಿನ ಟ್ಯೂಬ್‌ಲೈಟ್ ಬದಲಿಸುವುದು. ಎತ್ತರ 12 ಅಡಿ. ಕೆಳಗೆ ಎರಡು ಮಷಿನ್ ಇವೆ, ಊಟದ ಹೊತ್ತಿಗೆ ಸರಿಸಬೇಕು. ಕರೆಂಟ್: ಡಿಬಿ ಬಾಕ್ಸಿನ ನಾಲ್ಕನೇ ಎಂಸಿಬಿ, ಇನ್ವರ್ಟರ್ ಬೇರೆ. ಏಣಿ: ಗೋದಾಮಿನಲ್ಲಿದೆ, ಕಾಲಿನ ರಬ್ಬರ್ ನೋಡಬೇಕು. ಏಣಿ ಹಿಡಿಯೋರು ಒಬ್ಬರು ಬೇಕು. ಏನಾಗಬಹುದು: ಶಾಕ್, ಜಾರುವುದು, ಟ್ಯೂಬ್ ಕೈ ಜಾರಿ ಕೆಳಗಿರುವವರ ಮೇಲೆ ಬೀಳುವುದು."

ಡಿಬಿ ಬಾಕ್ಸ್ ಅಂದರೆ ಕರೆಂಟ್ ಹಂಚುವ ಪೆಟ್ಟಿಗೆ, ಎಂಸಿಬಿ ಅಂದರೆ ಅದರಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್. ಹಾಳೆಯಲ್ಲಿ ಕೊನೆಯ ಸಾಲೇ ಮುಖ್ಯ. 'ಏನಾಗಬಹುದು' ಅಂತ ಬರೆದ ಮೇಲೆ ಒಂದೊಂದಕ್ಕೂ ಎದುರಿಗೆ ಏನು ಮಾಡುತ್ತೀರಿ ಅಂತಲೂ ಬರೆಯಬೇಕು. ಬರೆಯಲು ಏನೂ ಹೊಳೆಯಲಿಲ್ಲ ಅಂದರೆ ಆ ಕೆಲಸ ಇವತ್ತು ನಿಮ್ಮದಲ್ಲ. ಗೊತ್ತಿರುವವರನ್ನು ಕರೆಸಿ. ಓದು ಬರಹ ಬಾರದವರಿದ್ದರೆ ಪಕ್ಕದವರಿಗೆ ಬಾಯಲ್ಲಿ ಹೇಳಿದರೂ ನಡೆಯುತ್ತದೆ. ಹೇಳಿದ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡಿರಬೇಕು, ಅಷ್ಟೇ.

ಕರೆಂಟ್ ಕೆಲಸ ಅಂದಾಗ ಒಂದು ಗೆರೆ ಎಳೆದುಕೊಳ್ಳಿ. ಬಲ್ಬು, ಟ್ಯೂಬ್ ಬದಲಿಸುವುದು ಯಾರಾದರೂ ಮಾಡಬಹುದು. ವೈರಿಂಗ್, ಮೋಟಾರು, ಡಿಬಿ ಬಾಕ್ಸಿನ ಒಳಗೆ ಕೈ ಹಾಕುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಟ್ಟಿದ್ದು. ಕಂಬದಿಂದ ಮೀಟರ್‌ವರೆಗಿನದು ಕರೆಂಟ್ ಕೊಡುವ ಕಂಪನಿ ಜೆಸ್ಕಾಂನವರದು. ಕಂಬದ ಫ್ಯೂಸ್ ಹೋಗಿದೆ ಅಂತ ಯಾರೂ ಕಂಬ ಹತ್ತಬಾರದು. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರುವವರೆಗೆ ಕಾಯಿರಿ.

ಸ್ವಿಚ್ ಆಫ್ ಆದರೆ ಕರೆಂಟ್ ಹೋದಂತಲ್ಲ

ಗೋಡೆಯ ಸ್ವಿಚ್ ಆಫ್ ಮಾಡಿ ಮೇಲೆ ಹತ್ತುವವರೇ ಜಾಸ್ತಿ. ಹಳೇ ವೈರಿಂಗ್‌ನಲ್ಲಿ ಕೆಲವು ಕಡೆ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗುವ) ವೈರಿಗೆ ಕೊಟ್ಟಿರುತ್ತಾರೆ. ಅಂಥ ಕಡೆ ಸ್ವಿಚ್ ಆರಿಸಿದರೆ ಲೈಟ್ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಎಂಸಿಬಿ ಇಲ್ಲವೇ ಮೇನ್ ಸ್ವಿಚ್ ಇಳಿಸಬೇಕು.

ಮೇನ್ ಇಳಿಸಿದರೂ ಕೆಲಸ ಮುಗಿಯಲಿಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ಮಾಮೂಲಿ, ಹಾಗಾಗಿ ಇನ್ವರ್ಟರ್, ಜನರೇಟರ್ ಇಲ್ಲದ ಘಟಕ ಕಡಿಮೆ. ಮೇನ್ ತೆಗೆದ ಕೂಡಲೇ ಇನ್ವರ್ಟರ್ ತಾನಾಗಿಯೇ ಶುರುವಾಗುತ್ತದೆ. ನೀವು ಕೈ ಹಾಕುವ ಲೈನು ಇನ್ವರ್ಟರಿನದಾಗಿದ್ದರೆ ಮೇನ್ ತೆಗೆದದ್ದೂ ಒಂದೇ, ಬಿಟ್ಟದ್ದೂ ಒಂದೇ. ಅದನ್ನೂ ಆಫ್ ಮಾಡಿ. ಜನರೇಟರ್ ಇದ್ದರೆ ಅದರ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಈಗ ಟೆಸ್ಟರ್. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಇನ್ನೊಂದು ಪ್ಲಗ್ಗಿಗೆ (ಮೇನ್ ಇಳಿಸಿದ್ದರೆ ಪಕ್ಕದ ಕಟ್ಟಡದ ಪ್ಲಗ್ಗಿಗೆ) ಅದನ್ನು ಇಟ್ಟು ನೋಡಿ, ಹೊತ್ತಬೇಕು. ಆಮೇಲೆ ನೀವು ಕೆಲಸ ಮಾಡುವ ಜಾಗಕ್ಕೆ ಇಡಿ, ಹೊತ್ತಬಾರದು. ಮತ್ತೆ ಆ ಮೊದಲಿನ ಪ್ಲಗ್ಗಿಗೆ ಇಡಿ, ಹೊತ್ತಬೇಕು. ಮೂರು ಸಲ ಯಾಕೆ ಅಂದರೆ, ಟೆಸ್ಟರ್ ಒಳಗಿನ ಪುಟ್ಟ ಬಲ್ಬು ಹೋಗಿದ್ದರೂ ಅದು ಹೊತ್ತುವುದಿಲ್ಲ. ಹೊತ್ತಲಿಲ್ಲ, ಅಂದರೆ ಕರೆಂಟ್ ಇಲ್ಲ ಅಂದುಕೊಂಡು ಕೈ ಹಾಕಿದವರಿಗೆ ಅಲ್ಲಿಯೇ ಮೋಸ.

ಮುಂದಿನದು ಬೀಗ. ಡಿಬಿ ಬಾಕ್ಸಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಬೀಗ ಹಾಕುವ ಅನುಕೂಲ ಇಲ್ಲದಿದ್ದರೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಮೇಲೆ ಜನ ಇದ್ದಾರೆ, ಕರೆಂಟ್ ಹಾಕಬೇಡಿ" ಅಂತ ಬರೆದು ತೂಗುಹಾಕಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ. ಶೆಡ್ಡಿನಲ್ಲಿ ಇರುವ ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವುದೂ ಬೇಕು: "ಅಣ್ಣಾ, ಅಕ್ಕಾ, ಮೇನ್ ತೆಗ್ದೀನಿ. ನಾ ಹೇಳೋತನಕ ಯಾರೂ ಹಾಕಬ್ಯಾಡ್ರಿ." ಊಟ ಮುಗಿಸಿ ಬಂದವರು "ಕರೆಂಟ್ ಯಾಕ್ ಹೋಗೇತಿ" ಅಂತ ಸೀದಾ ಮೇನ್ ಕಡೆಗೇ ನಡೆಯುತ್ತಾರೆ. ಅದು ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ.

ಏಣಿ

ಏಣಿಯನ್ನು ನೆಲದ ಮೇಲೆ ಮಲಗಿಸಿ ನೋಡಿ. ಮೆಟ್ಟಿಲು ಅಲ್ಲಾಡುತ್ತಿದೆಯಾ, ಬಿದಿರು ಸೀಳು ಬಿಟ್ಟಿದೆಯಾ, ಮುರಿದ ಮೆಟ್ಟಿಲಿಗೆ ಯಾರೋ ಸುತಳಿ ಸುತ್ತಿದ್ದಾರಾ? ಸುತಳಿ ಸುತ್ತಿದ ಏಣಿಯನ್ನು ಪಕ್ಕಕ್ಕಿಡಿ. ಅಷ್ಟು ದಿನ ಅದು ಹೊತ್ತಿದ್ದು ನಿಜ ಇರಬಹುದು, ಹಾಗಂತ ಇವತ್ತೂ ಹೊರುತ್ತದೆ ಅಂತ ನಂಬುವ ಹಾಗಿಲ್ಲ. ಕರೆಂಟಿನ ಹತ್ತಿರ ಕಬ್ಬಿಣದ, ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಒಣಗಿದ ಗಟ್ಟಿ ಬಿದಿರಿನದೋ ಫೈಬರಿನದೋ ಇರಲಿ.

ಗೋಡೆಗೆ ಒರಗಿಸುವ ಏಣಿಗೆ ಒಂದು ಲೆಕ್ಕ ಇದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ. ಏಣಿ ಒರಗುವ ಜಾಗ 12 ಅಡಿ ಎತ್ತರದಲ್ಲಿದ್ದರೆ ಏಣಿಯ ಕಾಲು ಗೋಡೆಯಿಂದ 3 ಅಡಿ ದೂರ ಇರಬೇಕು. ಅದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಮಗುಚುತ್ತದೆ, ದೂರ ಇಟ್ಟರೆ ಕಾಲು ಜಾರುತ್ತದೆ. ಅಳತೆ ಟೇಪು ಇಲ್ಲದಿದ್ದರೆ ಹೀಗೆ ನೋಡಿ: ಏಣಿಯ ಕಾಲಿಗೆ ನಿಮ್ಮ ಪಾದದ ತುದಿ ತಾಗಿಸಿ ನೆಟ್ಟಗೆ ನಿಂತು, ಎರಡೂ ಕೈ ಮುಂದಕ್ಕೆ ಚಾಚಿ. ಭುಜದ ಎತ್ತರದ ಮೆಟ್ಟಿಲು ಅಂಗೈಗೆ ಸಿಕ್ಕರೆ ಸರಿಯಾಗಿದೆ. ಮಾಳಿಗೆಗೆ ಹತ್ತುವುದಾದರೆ ಏಣಿ ಅಂಚಿಗಿಂತ 3 ಅಡಿ ಮೇಲೆ ಚಾಚಿರಬೇಕು. ಇಳಿಯುವಾಗ ಹಿಡಿಯಲು ಏನಾದರೂ ಬೇಕಲ್ವಾ?

ರೈಸ್ ಮಿಲ್ಲಿನಲ್ಲಿ ಏಣಿ ಇಡುವ ಮುಂಚೆ ನೆಲ ಗುಡಿಸುವುದನ್ನು ಯಾವತ್ತೂ ಬಿಡಬೇಡಿ. ತೌಡಿನ ಸಣ್ಣ ಪುಡಿ ನಯವಾದ ಸಿಮೆಂಟ್ ನೆಲದ ಮೇಲೆ ತೆಳ್ಳಗೆ ಕೂತಿರುತ್ತದೆ. ಕಣ್ಣಿಗೆ ಕಾಣಿಸುವುದೇ ಇಲ್ಲ. ಬೆರಳಲ್ಲಿ ಗೆರೆ ಎಳೆದು ನೋಡಿ, ಗೆರೆ ಮೂಡಿತು ಅಂದರೆ ಏಣಿಯ ರಬ್ಬರ್ ಕಾಲು ಅದರ ಮೇಲೆ ನಿಲ್ಲುವುದಿಲ್ಲ. ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಇಡಿ.

ಹತ್ತುವಾಗ ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಏಣಿಗೆ ತಾಗಿರಬೇಕು. ಹಾಗಾಗಿ ಸಾಮಾನು ಕೈಯಲ್ಲಿ ಹಿಡಿದು ಹತ್ತುವ ಹಾಗಿಲ್ಲ. ಪಾನಾ, ಸ್ಕ್ರೂಡ್ರೈವರ್ ಸೊಂಟದ ಚೀಲದಲ್ಲಿರಲಿ, ಟ್ಯೂಬನ್ನು ಕೆಳಗಿನವರು ಎತ್ತಿ ಕೊಡಲಿ. ಹವಾಯಿ ಚಪ್ಪಲಿ ಬೇಡ. ಕೈಗೆ ಎಟುಕದಿದ್ದರೆ ಪಕ್ಕಕ್ಕೆ ವಾಲಬೇಡಿ. ನಿಮ್ಮ ಸೊಂಟ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ಇಳಿದು, ಏಣಿ ಸರಿಸಿ, ಮತ್ತೆ ಹತ್ತಿ. ಬೇಸರ ಆಗುತ್ತದೆ, ನಿಜ. ಆದರೂ ಇಳಿಯಿರಿ.

ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ

ಮಳೆಗಾಲದ ಮುಂಚೆ ಶೆಡ್ಡಿನ ಸೋರಿಕೆ ನೋಡಲು ಮೇಲೆ ಹತ್ತುವುದು ಎಲ್ಲ ಕಡೆ ನಡೆಯುತ್ತದೆ. ಈ ಲೇಖನದ ಬೇರೆ ಎಲ್ಲ ಮರೆತರೂ ಇದೊಂದು ನೆನಪಿರಲಿ: ಹಳೇ ಸಿಮೆಂಟ್ ಶೀಟು ಮನುಷ್ಯನ ಭಾರ ತಡೆಯುತ್ತದೆ ಅನ್ನೋ ಖಾತ್ರಿ ಇಲ್ಲ. ಕಾಲಿಟ್ಟಾಗ ಬಿರುಕು ಬಿಟ್ಟು ಎಚ್ಚರಿಸುವುದೂ ಇಲ್ಲ, ಒಮ್ಮೆಲೇ ಒಡೆದು ಮನುಷ್ಯ ಕೆಳಗೆ ಬೀಳುತ್ತಾನೆ. ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನೂ ಆಗಲ್ಲ, ಕೆಳಗೆ ಕಬ್ಬಿಣದ ಪಟ್ಟಿ ಇದೆ ಅನ್ನುತ್ತಾರೆ. ಒಂದು ಹೆಜ್ಜೆ ತಪ್ಪಿದರೆ ಆ ಪಟ್ಟಿ ನಿಮ್ಮನ್ನು ಹಿಡಿಯುವುದಿಲ್ಲ. ಬೆಳಕಿಗೆ ಅಂತ ಹಾಕಿದ ಪ್ಲಾಸ್ಟಿಕ್ ಶೀಟ್ ಇನ್ನೂ ಅಪಾಯ. ಧೂಳು ಕೂತು ಅದೂ ಸಿಮೆಂಟ್ ಶೀಟಿನಂತೆಯೇ ಕಾಣುತ್ತದೆ.

ಸಾಧ್ಯವಾದರೆ ಒಳಗಿನಿಂದಲೇ, ಕೆಳಗೆ ಅಟ್ಟ ಕಟ್ಟಿಕೊಂಡು ಕೆಲಸ ಮಾಡಿ. ಮೇಲೆ ಹೋಗಲೇಬೇಕು ಅಂದರೆ ಎರಡು ಮೂರು ಪಟ್ಟಿಗಳ ಮೇಲೆ ಕೂರುವಷ್ಟು ಉದ್ದದ ಅಗಲ ಹಲಗೆ ಹಾಕಿ ಅದರ ಮೇಲೇ ಓಡಾಡಬೇಕು, ಸೊಂಟದ ಬೆಲ್ಟಲ್ಲ, ಎದೆ ತೊಡೆಗೆಲ್ಲ ಪಟ್ಟಿ ಇರುವ ಸೇಫ್ಟಿ ಬೆಲ್ಟ್ ಗಟ್ಟಿ ಕಂಬಕ್ಕೆ ಕಟ್ಟಿರಬೇಕು, ಕೆಳಗೆ ಜನ ಇರಬಾರದು. ಇಷ್ಟೂ ಇಲ್ಲದಿದ್ದರೆ ಮಾಲೀಕರಿಗೆ ನೇರವಾಗಿ ಹೇಳಿ, "ಧಣಿ, ಹಲಗೆ ಬೆಲ್ಟ್ ತರಿಸ್ರಿ, ಆಮ್ಯಾಲೆ ಹತ್ತತೀನಿ." ಮಾಲೀಕರಿಗೂ ಒಂದು ಮಾತು: ಈ ಮಾತು ಕೇಳಿದಾಗ ಸಿಟ್ಟು ಮಾಡಿಕೊಳ್ಳಬೇಡಿ. ಹಾಗೆ ಹೇಳುವ ಕೆಲಸಗಾರ ನಿಮ್ಮ ಕಡೆಗಿನವನೇ.

ತಿರುಗುವುದು ನಿಲ್ಲುವವರೆಗೆ ಕೈ ದೂರ

ಜೀನ್ಸ್ ಹೊಲಿಯುವ ಮಷಿನ್‌ನಲ್ಲಿ ಸೂಜಿ ಬದಲಿಸುವುದು ದಿನಾ ಮಾಡುವ ಕೆಲಸ. ಹಳೇ ಮಾದರಿಯ ಕ್ಲಚ್ ಮೋಟಾರಿನ ಮಷಿನ್ ಆದರೆ ಸ್ವಿಚ್ ಆಫ್ ಮಾಡಿದ ಮೇಲೂ ಮೋಟಾರು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಗ ಕಾಲು ಪೆಡಲ್‌ಗೆ ತಾಗಿದರೆ ಸೂಜಿ ಒಂದೆರಡು ಹೊಲಿಗೆ ಹಾಕಿಯೇ ಬಿಡುತ್ತದೆ. ಬೆರಳು ಅದರ ಕೆಳಗೇ ಇರುತ್ತದಲ್ಲ? ಅದಕ್ಕೆ ಸ್ವಿಚ್ ಆಫ್ ಮಾಡಿ, ಕೈ ಎರಡೂ ಮಡಿಲಲ್ಲಿ ಇಟ್ಟುಕೊಂಡು ಪೆಡಲ್ ತುಳಿಯಿರಿ. ಮೋಟಾರಿನ ಗುಂಯ್ ಶಬ್ದ ಪೂರ್ತಿ ನಿಂತ ಮೇಲೆ ಕಾಲನ್ನು ಪೆಡಲ್‌ನಿಂದ ತೆಗೆದು, ಆಮೇಲೆ ಸೂಜಿಗೆ ಕೈ ಹಾಕಿ.

ಮಿಲ್ಲಿನ ಬೆಲ್ಟ್ ಜಾರುತ್ತಿದೆ ಅಂತ ಓಡುತ್ತಿರುವಾಗಲೇ ರಾಳದ ಪುಡಿ ಹಚ್ಚುವುದು ಬಿಡಲೇಬೇಕಾದ ಚಾಳಿ. ನಿಲ್ಲಿಸಿ, ಕರೆಂಟ್ ತೆಗೆದು, ಬೆಲ್ಟ್ ಬಿಗಿ ಮಾಡಿ. ಬೆಲ್ಟ್ ಮುಚ್ಚಲು ಇರುವ, ಕೆಲಸಕ್ಕೆ ಬಿಚ್ಚಿದ ಜಾಳಿಗೆಯನ್ನು ಮತ್ತೆ ಹಾಕಿದ ಮೇಲೇ ಚಾಲೂ ಮಾಡಿ. ಕೊರಳಿಗೆ ಸುತ್ತಿದ ಟವೆಲ್, ಸೀರೆಯ ಸೆರಗು, ದುಪಟ್ಟಾ, ಇಳಿಬಿಟ್ಟ ಜಡೆ, ಲುಂಗಿಯ ಅಂಚು, ಇವನ್ನೆಲ್ಲ ಬೆಲ್ಟ್ ಎಳೆದುಕೊಳ್ಳಲು ಕ್ಷಣ ಸಾಕು. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಟವೆಲನ್ನು ಗೂಟಕ್ಕೆ ಹಾಕಿ ಬನ್ನಿ.

ಚೀಲ ಎತ್ತುವಾಗ, ಇಳಿಸುವಾಗ

ಭತ್ತದ ವ್ಯಾಪಾರ ನಮ್ಮಲ್ಲಿ 75 ಕಿಲೋ ಚೀಲದ ಲೆಕ್ಕದಲ್ಲೇ ನಡೆಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು ಎತ್ತುವ ಭಾರ 55 ಕಿಲೋ ದಾಟದಿರಲಿ ಎಂದು ಶಿಫಾರಸು ಮಾಡಿದೆ. ಎರಡೂ ಅಂಕಿ ಪಕ್ಕ ಪಕ್ಕ ಇಟ್ಟು ನೋಡಿದರೆ ನಮ್ಮ ಹಮಾಲರ ಬೆನ್ನಿನ ಮೇಲೆ ಏನಿದೆ ಅಂತ ಗೊತ್ತಾಗುತ್ತದೆ. ಸಾಧ್ಯವಿದ್ದ ಕಡೆ ಕೈಗಾಡಿ ಬಳಸಿ, ಇಬ್ಬರು ಸೇರಿ ಎತ್ತಿ, ಹೊಸದಾಗಿ ತುಂಬುವಾಗ 50 ಕಿಲೋ ಚೀಲಕ್ಕೆ ತುಂಬಿ.

ಎತ್ತುವಾಗ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಚೀಲವನ್ನು ಮೈಗೆ ಒತ್ತಿಕೊಂಡು ತೊಡೆಯ ಬಲದಿಂದ ಏಳಿ. ಚೀಲ ಮೈಯಿಂದ ದೂರ ಹೋದಷ್ಟೂ ಸೊಂಟದ ಮೇಲಿನ ಎಳೆತ ಜಾಸ್ತಿ. ತಿರುಗಬೇಕಾದರೆ ಸೊಂಟ ತಿರುಚಬೇಡಿ, ಹೆಜ್ಜೆ ತಿರುಗಿಸಿ. ಇಬ್ಬರಿದ್ದರೆ ಒಬ್ಬರೇ ಒಂದು, ಎರಡು, ಮೂರು ಅಂತ ಎಣಿಸಲಿ, ಇಬ್ಬರೂ ಒಟ್ಟಿಗೆ ಎತ್ತಲಿ.

ನಿಟ್ಟು ಹಾಕುವುದರಲ್ಲೇ ಅರ್ಧ ಸುರಕ್ಷತೆ ಇದೆ. ಕೆಳಗೆ ಮರದ ಹಲಗೆ, ಗೋಡೆಯಿಂದ ಒಬ್ಬರು ಓಡಾಡುವಷ್ಟು ಜಾಗ, ಒಂದು ಸಾಲು ಉದ್ದಕ್ಕೆ ಮುಂದಿನ ಸಾಲು ಅಡ್ಡಕ್ಕೆ, ಗೋಡೆಗೆ ಇಟ್ಟಿಗೆ ಕೂರಿಸಿದ ಹಾಗೆ. ಇಳಿಸುವಾಗ ಮೇಲಿನಿಂದ ಸಾಲು ಸಾಲಾಗಿ ಇಳಿಸಬೇಕು. ಮಧ್ಯದ ಚೀಲ ಬೇಕು ಅಂತ ಕೊಕ್ಕೆ ಹಾಕಿ ಎಳೆದರೆ ಮೇಲಿನದೆಲ್ಲ ಎಳೆದವರ ಮೇಲೇ ಬರುತ್ತದೆ. ನಿಟ್ಟು ವಾಲಿದೆ ಅನ್ನಿಸಿದರೆ ಅದರ ನೆರಳಲ್ಲಿ ಕೂತು ಊಟವನ್ನೂ ಮಾಡಬೇಡಿ.

ಹುಳಕ್ಕೆ ಮಾತ್ರೆ ಇಟ್ಟು ಟಾರ್ಪಾಲು ಮುಚ್ಚಿದ ಗೋದಾಮಿಗೆ ಮಾತ್ರ ಯಾವ ಕಾರಣಕ್ಕೂ ಕಾಲಿಡಬೇಡಿ. ಆ ಮಾತ್ರೆಯಿಂದ ಬರುವ ಫಾಸ್ಫೀನ್ ಗಾಳಿ ಕೊಲ್ಲುತ್ತದೆ. ಬೆಳ್ಳುಳ್ಳಿಯಂಥ ವಾಸನೆ ಬಂದರೆ ಹೊರಗೆ ಓಡಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಗಾಳಿ ಇಲ್ಲ ಅಂತಲೂ ಅಲ್ಲ. ಮಾತ್ರೆ ಇಟ್ಟವರೇ ಬಂದು, ಬಾಗಿಲು ತೆರೆದು, ಗಾಳಿ ಆಡಿಸಿ, ಸರಿ ಇದೆ ಅಂದ ಮೇಲೆ ಹೋಗಿ.

ಇನ್ನೂ ಮೂರು ಕಡೆ ಹುಷಾರು

ಬ್ಲೀಚಿಂಗ್ ಪುಡಿ ಅಥವಾ ದ್ರಾವಣಕ್ಕೆ ಆ್ಯಸಿಡ್ ಸೇರಿಸಬೇಡಿ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ಜೀನ್ಸ್ ವಾಷಿಂಗ್ ಘಟಕಕ್ಕೂ ಅಷ್ಟೇ, ಶೌಚಾಲಯ ತೊಳೆಯುವವರಿಗೂ ಅಷ್ಟೇ. ನೀರಿನ ಬಾಟಲಿಗೆ ಕೆಮಿಕಲ್ ತುಂಬಿಡಬೇಡಿ.

ಹತ್ತಿ ಇರುವ ಕಡೆ ವೆಲ್ಡಿಂಗ್ ಮಾಡಬೇಕಾದರೆ ವಸ್ತುವನ್ನೇ ಹೊರಗೆ ತಂದು ಮಾಡಿ. ಹತ್ತಿಯೊಳಗೆ ಸೇರಿದ ಕಿಡಿ ಒಳಗೊಳಗೇ ಸುಡುತ್ತಾ ಇದ್ದು ಎಷ್ಟೋ ಹೊತ್ತಿನ ಮೇಲೆ ಉರಿಯುತ್ತದೆ. ಒಳಗೇ ಮಾಡಲೇಬೇಕಾಗಿ ಬಂದರೆ ಸುತ್ತಲಿನ ಹತ್ತಿಯನ್ನೆಲ್ಲ ತೆಗೆಸಿ, ನೀರು ಪಕ್ಕದಲ್ಲಿಟ್ಟು, ಕೆಲಸ ಮುಗಿದ ಮೇಲೂ ಒಂದು ಗಂಟೆ ಯಾರಾದರೂ ಕಾಯಬೇಕು.

ಮುಚ್ಚಿದ ಸಂಪು, ಗುಂಡಿ, ಟ್ಯಾಂಕಿನೊಳಗೆ ಇಳಿಯುವುದು 'ಸರಳ ಕೆಲಸ' ಅಲ್ಲವೇ ಅಲ್ಲ. ಒಳಗೆ ಉಸಿರಾಡುವ ಗಾಳಿಯೇ ಇರದಿರಬಹುದು. ಒಬ್ಬರು ಬಿದ್ದರು ಅಂತ ಇನ್ನೊಬ್ಬರು ಇಳಿದು, ಅವರ ಹಿಂದೆ ಮತ್ತೊಬ್ಬರು ಇಳಿದು ಎಲ್ಲರೂ ಸತ್ತ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ರಕ್ಷಣಾ ಸಾಧನಗಳಿಲ್ಲದೆ ಮಲದ ಗುಂಡಿಗೆ ಜನರನ್ನು ಇಳಿಸುವುದಂತೂ ಕೈಯಿಂದ ಮಲ ಬಾಚುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ.

ಬಿಸಿಲಿನ ಲೆಕ್ಕ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಇನ್ನೂ ಜಾಸ್ತಿ. ಹಾಗಾಗಿ ಪ್ಲಾನ್ ಹಾಳೆಯಲ್ಲಿ ಹೊತ್ತನ್ನೂ ಬರೆಯಿರಿ. ಮೇಲೆ ಹತ್ತುವ, ಭಾರ ಎತ್ತುವ ಕೆಲಸ ಬೆಳಿಗ್ಗೆ ಬೇಗ ಮುಗಿಯಲಿ. ಬಾಯಾರಿಕೆ ಆಗುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು. ಜೊತೆಯವರು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಏನೇನೋ ಹೇಳುತ್ತಿದ್ದರೆ, ಮೈ ಕಾದು ಸುಡುತ್ತಿದ್ದರೆ ಅದು ಸುಸ್ತಲ್ಲ, ಬಿಸಿಲ ಹೊಡೆತ. ನೆರಳಿಗೆ ತಂದು, ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಆಗಬಾರದ್ದು ಆದರೆ

ಶಾಕ್ ಹೊಡೆದು ಅಂಟಿಕೊಂಡವರನ್ನು ಮುಟ್ಟಬೇಡಿ. ಮೊದಲು ಮೇನ್ ತೆಗೆಯಿರಿ. ಅದು ದೂರ ಇದ್ದರೆ ಒಣ ಹಲಗೆ ಅಥವಾ ಒಣಗಿದ ಗೋಣಿಚೀಲದ ಕಟ್ಟಿನ ಮೇಲೆ ನಿಂತು, ಒಣ ಕೋಲಿನಿಂದ ವೈರನ್ನು ದೂರ ತಳ್ಳಿ. ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಇಳಿಯುವ ಹಾಗೆ ಒತ್ತುತ್ತಾ ಇರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ, ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ. ಎತ್ತರದಿಂದ ಬಿದ್ದವರನ್ನು ಕೈಕಾಲು ಹಿಡಿದು ಆಟೋಗೆ ಹಾಕಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಹಾಗೆ ಎತ್ತಿದ್ದರಿಂದಲೇ ಕಾಲಿನ ಬಲ ಹೋಗಬಹುದು. ಅಲ್ಲೇ ಅಲುಗಾಡದಂತೆ ಮಲಗಿಸಿ, ಆಂಬುಲೆನ್ಸ್ ಕಾಯಿರಿ.

108ರವರು ಮೊದಲು ಕೇಳುವುದು ವಿಳಾಸ. ಗಾಬರಿಯಲ್ಲಿ ಸರ್ವೆ ನಂಬರ್ ಯಾರಿಗೂ ನೆನಪಾಗುವುದಿಲ್ಲ. ಘಟಕದ ಪೂರ್ತಿ ವಿಳಾಸ, ಯಾವ ರಸ್ತೆ, ಯಾವ ಪೆಟ್ರೋಲ್ ಬಂಕ್ ದಾಟಿದ ಮೇಲೆ ಯಾವ ಕಡೆ ತಿರುಗಬೇಕು ಅನ್ನುವುದನ್ನು ಇವತ್ತೇ ದೊಡ್ಡದಾಗಿ ಬರೆದು ಬಾಗಿಲ ಪಕ್ಕ ಅಂಟಿಸಿ, ಕೆಳಗೆ 108, 112, 101 ಬರೆಯಿರಿ. ಫೋನ್ ಮಾಡಿದ ಕೂಡಲೇ ಒಬ್ಬರು ಮೇನ್ ರೋಡಿಗೆ ಹೋಗಿ ನಿಲ್ಲಬೇಕು, ಇನ್ನೊಬ್ಬರು ಗೇಟಿಗೆ ಅಡ್ಡ ನಿಂತ ಲಾರಿಯನ್ನು ಸರಿಸಬೇಕು. ಆ ಇಬ್ಬರು ಯಾರು ಅನ್ನುವುದೂ ಅದೇ ಹಾಳೆಯಲ್ಲಿರಲಿ.